ಗಮನವನ್ನು ಊರು ಕಾಯುತ್ತಿದ್ದ ಬಗೆ

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ, ಇಂಬಳಗಳ ನಡುವೆ ಕೂತು ಮೊಬೈಲಿನಲ್ಲಿ ಪಾಠ ಕೇಳಿದ ಮಕ್ಕಳವರು. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಕೂಗು ಗಟ್ಟಿಯಾಗಿ ಕೇಳಿಬಂದದ್ದೂ ಈ ಸೀಮೆಯಲ್ಲೇ. ಟವರ್ ಇಲ್ಲದ ಹಳ್ಳಿಗಳು ಇಲ್ಲಿ ಈಗಲೂ ಇವೆ. ಶರಾವತಿ ಹಿನ್ನೀರಿನ ಆಚೆಗಿನವರಿಗೆ ಆಂಬುಲೆನ್ಸ್ ಕರೆಯುವುದೂ ಕಷ್ಟ. ಆದ್ದರಿಂದ ಮೊಬೈಲಿನ ಕೇಡಿನ ಬಗ್ಗೆ ಇಲ್ಲಿ ಮಾತಾಡುವವರು ಮೊದಲು ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡಬೇಕು.

ಹಾಗೆಯೇ ಇನ್ನೊಂದು ಮಾತೂ ನಿಜ. ಟವರ್ ಬಂದ ಊರುಗಳಲ್ಲಿ ಕೆಲವೇ ವರ್ಷಗಳಲ್ಲಿ ಮನೆಯೊಳಗಿನ ಮಾತುಕತೆ ಬದಲಾಗಿದೆ. ಊಟಕ್ಕೆ ಕೂತ ಹುಡುಗ ತಲೆ ಎತ್ತುವುದಿಲ್ಲ. ಜಗಲಿಗೆ ಬಂದ ನೆಂಟರಿಗೆ ಕುಡಿಯಲು ಕೊಡುವಷ್ಟರಲ್ಲಿ ಮಾತು ಮುಗಿಯುತ್ತದೆ. ಮಕ್ಕಳನ್ನು ಬೈಯುವ ಅಜ್ಜ ರಾತ್ರಿ ತಾನೇ ರೀಲ್ಸ್ ನೋಡುತ್ತ ನಿದ್ದೆಗೆಡುತ್ತಾನೆ. ಟವರಿಗಾಗಿ ಅರ್ಜಿ ಬರೆದ ಕೈಯೇ ಮಗನ ಕೈಯಿಂದ ಫೋನು ಕಿತ್ತುಕೊಳ್ಳುತ್ತಿದೆ. ಈ ಎರಡರಲ್ಲಿ ಯಾವುದೂ ಸುಳ್ಳಲ್ಲ, ಒಂದಕ್ಕೊಂದು ವಿರೋಧವೂ ಅಲ್ಲ.

ಗಮನದ ಈ ಬಿಕ್ಕಟ್ಟನ್ನು ಜಗತ್ತು ಗುರುತಿಸಿ ಬಹಳ ಕಾಲವಾಯಿತು. ಅಮೆರಿಕದ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು: ಮಾಹಿತಿ ಹೆಚ್ಚಿದಷ್ಟೂ ಅದನ್ನು ನೋಡುವವರ ಗಮನಕ್ಕೆ ಬಡತನ ಬರುತ್ತದೆ. ಕಂಪ್ಯೂಟರಿನ ಮುಂದೆ ಕೆಲಸ ಮಾಡುವವರನ್ನು ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಸುಮಾರು 20 ವರ್ಷ ಗಮನಿಸಿದರು. 2004ರಲ್ಲಿ ಒಬ್ಬರ ದೃಷ್ಟಿ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಪರಿಹಾರಗಳೆಲ್ಲ ಒಬ್ಬೊಬ್ಬರಿಗೆ ಹೇಳಿದವು. ನೋಟಿಫಿಕೇಶನ್ ಆಫ್ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಡಿ, ಬೆಳಿಗ್ಗೆ ಧ್ಯಾನ ಮಾಡಿ ಎನ್ನುತ್ತಾರೆ. ಯಾವುದೂ ಕೆಟ್ಟ ಸಲಹೆಯಲ್ಲ. ಆದರೆ ಒಂದು ಕಡೆ ನೋಡುವವರ ಕಣ್ಣನ್ನು ಹಿಡಿದಿಡುವುದೇ ಕೆಲಸವಾಗಿರುವ ಸಾವಿರಾರು ಎಂಜಿನಿಯರುಗಳಿದ್ದಾರೆ, ಇನ್ನೊಂದು ಕಡೆ ಹತ್ತನೇ ತರಗತಿಯ ಒಬ್ಬ ಹುಡುಗಿಯ ಮನೋಬಲ ಇದೆ. ಇದನ್ನು ಸಮಬಲದ ಹೋರಾಟವೆಂದು ನಾನು ಒಪ್ಪುವುದಿಲ್ಲ. ಈ ಮೂರು ತಾಲ್ಲೂಕುಗಳ ಬದುಕನ್ನು ನೋಡುತ್ತ ಬಂದವನಾಗಿ ನನಗೆ ಅನ್ನಿಸುವುದು ಬೇರೆ. ಇಲ್ಲಿ ಗಮನವನ್ನು ಯಾರೂ ಒಂಟಿಯಾಗಿ ಕಾಯುತ್ತಿರಲಿಲ್ಲ. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಜೊತೆಗೆ ಕೂರುವ ಮಂದಿ, ಕೂತು ಕೇಳಲು ತಕ್ಕುದಾದ ಒಂದು ವಿಷಯ, ಇವು ಸೇರಿ ಅದನ್ನು ಕಾಯುತ್ತಿದ್ದವು. ತತ್ತ್ವಶಾಸ್ತ್ರ ಈ ಸೀಮೆಯ ಬದುಕಿಗೆ ಇಳಿದಾಗಲೆಲ್ಲ ಹೀಗೆ ಹೊತ್ತು ಮತ್ತು ಜಾಗದ ರೂಪದಲ್ಲೇ ಇಳಿದಿದೆ.

ಹೊಸನಗರ ತಾಲ್ಲೂಕಿನ ಹುಂಚದಿಂದ ಶುರು ಮಾಡಬಹುದು. ಸಾಂತರ ಅರಸರ ಕಾಲದಿಂದಲೂ ಇದು ಜೈನ ಕೇಂದ್ರ. ಪದ್ಮಾವತಿ ಬಸದಿಗೆ ಇಂದಿಗೂ ದೂರದೂರದಿಂದ ಜನ ಬರುತ್ತಾರೆ. ಜೈನ ಗೃಹಸ್ಥರ ಹನ್ನೆರಡು ವ್ರತಗಳಲ್ಲಿ ಸಾಮಾಯಿಕವೂ ಒಂದು. ಒಂದು ಮುಹೂರ್ತ ಕಾಲ, ಅಂದರೆ ಎರಡು ಗಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ, ವ್ಯವಹಾರವನ್ನೆಲ್ಲ ಬದಿಗಿಟ್ಟು ಸಮಭಾವದಲ್ಲಿ ಕೂರುವುದು ಅದರ ನಿಯಮ. ಇದನ್ನು ಸನ್ಯಾಸಿಗಳಿಗೆ ಮಾತ್ರ ಹೇಳಿದ್ದಲ್ಲ. ಅಂಗಡಿ ನಡೆಸುವವರಿಗೆ, ಗದ್ದೆ ನೋಡಿಕೊಳ್ಳುವವರಿಗೆ ಹೇಳಿದ್ದು. ಹಿಂದಿನವರು ಈ ಅವಧಿಯನ್ನು ಇಷ್ಟು ಖಚಿತವಾಗಿ ಗೊತ್ತುಮಾಡಿದ್ದು ಸುಮ್ಮನೆ ಅಲ್ಲ. ಮನಸ್ಸು ಬಂದಷ್ಟು ಹೊತ್ತು ಕೂರು ಎಂದಿದ್ದರೆ ಯಾರೂ ಕೂರುತ್ತಿರಲಿಲ್ಲ. ಕೆಳದಿ ಅರಸರ ಕಾಲದಲ್ಲಿ ಈ ಸೀಮೆಯಲ್ಲಿ ಬೇರೂರಿದ ವೀರಶೈವ ಮನೆಗಳ ಇಷ್ಟಲಿಂಗ ಪೂಜೆಯೂ ಅಂಥದ್ದೇ. ಅಂಗೈ ಮೇಲಿನ ಲಿಂಗದಲ್ಲಿ ದೃಷ್ಟಿ ನೆಡುವುದು ಅಲ್ಲಿ ದಿನಚರಿಯ ಭಾಗ. ಗ್ರೀಕ್-ರೋಮನ್ ಜಗತ್ತಿನಲ್ಲೂ ಹೀಗೇ ಇತ್ತು. ಗುಲಾಮನಾಗಿದ್ದು ಆಮೇಲೆ ಗುರುವಾದ ಎಪಿಕ್ಟೆಟಸ್ ತನ್ನ ಶಿಷ್ಯರಿಗೆ ಗಮನದ ಬಗ್ಗೆಯೇ ಒಂದು ಪಾಠ ಹೇಳಿದ್ದಾನೆ. ಇವತ್ತು ಬೇಡ, ನಾಳೆಯಿಂದ ಗಮನ ಕೊಡುತ್ತೇನೆ ಎನ್ನುವವನಿಗೆ ನಾಳೆಯೂ ಅದು ಕಷ್ಟವಾಗುತ್ತದೆ ಎಂಬುದು ಅದರ ತಾತ್ಪರ್ಯ. ಪ್ರಾಚೀನರಿಗೆ ತತ್ತ್ವಶಾಸ್ತ್ರವೆಂದರೆ ಬದುಕುವ ರೀತಿಯೇ ಆಗಿತ್ತು ಎಂದು ಫ್ರಾನ್ಸಿನ ಪಿಯರ್ ಹ್ಯಾಡೊ ತೋರಿಸಿಕೊಟ್ಟಾಗ ಯುರೋಪಿನ ವಿದ್ವಾಂಸರಿಗೆ ಅದು ಹೊಸ ಮಾತಾಯಿತು. ಹುಂಚದ ಹಳಬರಿಗೆ ಅದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಆದರೆ ಸಾಮಾಯಿಕಕ್ಕೆ ಮೌನ ಬೇಕು. ಮಾತಿನ ಮೂಲಕವೇ ಗಮನವನ್ನು ಕಟ್ಟಿದ ಇನ್ನೊಂದು ರೂಢಿ ಈ ಸೀಮೆಯಲ್ಲಿದೆ, ಮತ್ತು ಊರಿನ ಆರೋಗ್ಯದ ದೃಷ್ಟಿಯಿಂದ ಅದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದು ತಾಳಮದ್ದಳೆ. ಮಳೆಗಾಲದಲ್ಲಿ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಪಂಚೆ ಶಾಲಿನಲ್ಲೇ ಎದುರುಬದುರು ಕೂತ ಅರ್ಥಧಾರಿಗಳು ಕೃಷ್ಣನಾಗಿ ಕೌರವನಾಗಿ ವಾದ ಹೂಡುತ್ತಾರೆ. ಬರೆದಿಟ್ಟುಕೊಂಡ ಮಾತು ಒಂದೂ ಇರುವುದಿಲ್ಲ. ಸಂಧಾನಕ್ಕೆ ಬಂದ ಕೃಷ್ಣ ಧರ್ಮದ ಮಾತೆತ್ತಿದರೆ ಕೌರವ ಆ ಧರ್ಮದ ಬುಡವನ್ನೇ ಪ್ರಶ್ನಿಸುತ್ತಾನೆ. ಎದುರಾಳಿಯ ಮಾತನ್ನು ಕೊನೆಯತನಕ ಕೇಳಿಸಿಕೊಳ್ಳದ ಅರ್ಥಧಾರಿ ಅಲ್ಲಿ ಸೋತಂತೆಯೇ. ಯಾಕೆಂದರೆ ಆ ಮಾತಿನ ಎಳೆ ಹಿಡಿದೇ ಅವನು ಉತ್ತರ ಕಟ್ಟಬೇಕು.

ಕೇಳುವವರ ಪಾಡೂ ಅದೇ. ನೋಡಲು ಬಣ್ಣವಿಲ್ಲದ ಕಡೆ ಕಿವಿಯೇ ಕಣ್ಣಾಗಬೇಕು. ಒಂದು ಗಂಟೆ ಮೊದಲು ಕರ್ಣ ಹೇಳಿದ್ದ ಮಾತಿಗೂ ಈಗ ಹೇಳುತ್ತಿರುವುದಕ್ಕೂ ತಾಳೆಯಾಗದಿದ್ದರೆ ಹಿಂದಿನ ಸಾಲಿನ ಯಾರೋ ಗೊಣಗುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಡಿಕೆ ಕೊಯ್ಲಿನವರು ಮಾರನೇ ದಿನ ಆ ವಾದವನ್ನು ತೋಟದಲ್ಲಿ ಮುಂದುವರಿಸುತ್ತಿದ್ದರು. ಪರರ ಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಕೇಳುವ ಅಭ್ಯಾಸವನ್ನು ಒಂದು ಊರಿಗೆ ಇಷ್ಟು ಅಗ್ಗವಾಗಿ, ಇಷ್ಟು ರುಚಿಯಾಗಿ ಕಲಿಸಿದ ಬೇರೆ ಶಾಲೆ ನನಗೆ ತಿಳಿಯದು. ಇಂದಿನ ವಾಟ್ಸ್ಯಾಪ್ ಗುಂಪಿನಲ್ಲಿ ಎದುರಾಳಿಯ ಮಾತು ಮುಗಿಯುವ ಮೊದಲೇ ಉತ್ತರ ಬಂದಿರುತ್ತದೆ. ತಾಳಮದ್ದಳೆಯ ಕೂಟದಲ್ಲಿ ಹಾಗೆ ಮಾಡಿದವನಿಗೆ ಮುಂದಿನ ಸಲ ಅರ್ಥ ಹೇಳಲು ಕರೆ ಬರುವುದಿಲ್ಲ.

ಅಡಿಕೆ ಸುಲಿತದ ಚಪ್ಪರವೂ ಇದೇ ಸಾಲಿನದು. ಕೊಯ್ಲಿನ ದಿನಗಳಲ್ಲಿ ರಾತ್ರಿ ಬಹುಹೊತ್ತಿನತನಕ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರ ಕೈ ಕೆಲಸದಲ್ಲಿದ್ದರೆ ಬಾಯಿ ಕಥೆಯಲ್ಲಿರುತ್ತಿತ್ತು. ರೇಡಿಯೊ ಬಂದಮೇಲೆ ಭದ್ರಾವತಿ ಆಕಾಶವಾಣಿಯೂ ಆ ಸಾಲಿನಲ್ಲಿ ಕೂತಿತು, ಯಾರ ಮಾತನ್ನೂ ಕಿತ್ತುಕೊಳ್ಳಲಿಲ್ಲ. ಈಗ ಸುಲಿಯುವ ಯಂತ್ರ ಬಂದಿದೆ. ಬೆರಳು ಕತ್ತರಿಸಿಕೊಳ್ಳುವ, ಬೆನ್ನು ನೋಯಿಸಿಕೊಳ್ಳುವ ದುಡಿಮೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಉಳಿದ ಹೊತ್ತು ಎಲ್ಲಿ ಹೋಯಿತು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹಳೆಯದೆಲ್ಲ ಚಿನ್ನ ಎಂದಂತಾಗುತ್ತದೆ. ಹಾಗೆ ಹೇಳಲು ಈ ನೆಲದ ಇತಿಹಾಸ ಬಿಡುವುದಿಲ್ಲ. ಆ ತಾಳಮದ್ದಳೆಯ ರಾತ್ರಿ ಜಗಲಿಯ ಮೇಲೆ ಕೂರುವವರು ಯಾರು, ಅಂಗಳದಲ್ಲಿ ಯಾರು, ಅಂಗಳದ ಆಚೆ ಯಾರು ಎಂಬುದನ್ನು ಜಾತಿ ಮೊದಲೇ ಗೊತ್ತುಮಾಡಿತ್ತು. ಹೆಂಗಸರು ಕಿಟಕಿಯ ಹಿಂದಿನಿಂದ ಕೇಳಬೇಕಿತ್ತು. ಕೌರವನ ವಾದವನ್ನು ತೂಗಿ ನೋಡಬಲ್ಲ ಒಡೆಯನಿಗೆ ತನ್ನ ಒಕ್ಕಲಿನ ಸಂಕಟ ಕಾಣುತ್ತಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಕಿಡಿ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ. ಒಡೆಯರು ಅಳೆಯುವ ಕೊಳಗ ದೊಡ್ಡದು ಎಂದು ದೀವರ ಗೇಣಿದಾರರು ಪ್ರತಿ ಸುಗ್ಗಿಯಲ್ಲೂ ಕಂಡಿದ್ದರು. ಅದನ್ನು ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಬಲದಿಂದಲೇ 1952ರಲ್ಲಿ ವಿಧಾನಸಭೆಗೆ ಹೋದರು. ಗೇಣಿದಾರನಿಗೆ ಭೂಮಿಯ ಹಕ್ಕು ಸಿಗಲು 1974ರ ಭೂಸುಧಾರಣೆಯ ತನಕ ಕಾಯಬೇಕಾಯಿತು.

ಕಾಗೋಡನ್ನು ಗಮನದ ಚರಿತ್ರೆಯಲ್ಲಿ ಸೇರಿಸುವುದು ಕೆಲವರಿಗೆ ಎಳೆದು ತಂದಂತೆ ಕಾಣಬಹುದು. ನನಗೆ ಅದು ಈ ಚರಿತ್ರೆಯ ನಡುಗಂಬ. ಫ್ರಾನ್ಸಿನ ಸಿಮೋನ್ ವೇಲ್ 1942ರ ಒಂದು ಬರಹದಲ್ಲಿ ಶಾಲೆಯ ಓದಿನ ನಿಜವಾದ ಉದ್ದೇಶವೇ ಗಮನದ ಸಾಮರ್ಥ್ಯ ಬೆಳೆಸುವುದು ಎನ್ನುತ್ತಾಳೆ. ನೊಂದವರನ್ನು ನಿನಗೇನಾಗುತ್ತಿದೆ ಎಂದು ಕೇಳಿ ಉತ್ತರಕ್ಕೆ ಕಾಯಬಲ್ಲವರು ಅಪರೂಪ, ಆ ಸಾಮರ್ಥ್ಯ ಬಂದರೆ ಓದು ಸಾರ್ಥಕ ಎಂಬುದು ಅವಳ ನಿಲುವು. ಏಕಾಗ್ರತೆ ಎಷ್ಟಿದ್ದರೂ ಪಕ್ಕದವರತ್ತ ತಿರುಗದ ಗಮನದಿಂದ ಊರು ಕಟ್ಟಲಾಗದು.

ತೀರ್ಥಹಳ್ಳಿ ಸೀಮೆಯ ಬರಹಗಾರರ ದೊಡ್ಡತನ ಇಲ್ಲಿದೆ ಎಂದು ನಾನು ನಂಬುತ್ತೇನೆ. ಕುಪ್ಪಳಿಯ ಕುವೆಂಪು ಹುಡುಗನಾಗಿದ್ದಾಗ ಮನೆಯ ಮೇಲಿನ ಗುಡ್ಡದ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಕವಿಶೈಲವೆಂದು ಹೆಸರಾದ ಆ ಜಾಗಕ್ಕೆ ಈಗ ಬಸ್ಸುಗಟ್ಟಲೆ ಜನ ಬರುತ್ತಾರೆ. ಅಲ್ಲಿ ಕಲಿತ ನೋಟವನ್ನು ಅವರು ಕಾಡಿಗೆ, ಹಕ್ಕಿಗೆ ಮಾತ್ರ ಮೀಸಲಿಡಲಿಲ್ಲ. 1967ರಲ್ಲಿ ಪ್ರಕಟವಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಜೀತದಾಳು ಗುತ್ತಿಗೆ, ಅವನ ತಿಮ್ಮಿಗೆ, ಅವನ ನಾಯಿ ಹುಲಿಯನಿಗೆ ಒಡೆಯರಿಗೆ ಸಿಕ್ಕಷ್ಟೇ ಜಾಗ ಸಿಕ್ಕಿತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ನಡುವಯಸ್ಸಿನಲ್ಲಿ ಬರೆಯಲು ಶುರು ಮಾಡಿದವರು. 'ಫಣಿಯಮ್ಮ'ದಲ್ಲಿ ಅವರು ಮನೆಯ ಮೂಲೆಯಲ್ಲಿ ಬಾಳು ಸವೆಸಿದ ವಿಧವೆಯೊಬ್ಬಳ ಕಡೆ ಕನ್ನಡದ ಓದುಗರು ತಿರುಗುವಂತೆ ಮಾಡಿದರು. ಇಂಥ ಪುಸ್ತಕಗಳಿಗೆ ಈಗ ಯಾರಿಗೆ ತಾಳ್ಮೆಯಿದೆ ಎನ್ನುವವರಿಗೆ ಒಂದು ಸಂಗತಿ ನೆನಪಿಸಬೇಕು. 2010ರಲ್ಲಿ ಸಿ. ಬಸವಲಿಂಗಯ್ಯ ಈ 'ಮದುಮಗಳು' ಕೃತಿಯನ್ನು ಮೈಸೂರಿನ ರಂಗಾಯಣದಲ್ಲಿ ಒಂಬತ್ತು ಗಂಟೆಗಳ ನಾಟಕವಾಗಿ ಆಡಿಸಿದರು. ಜನ ಟಿಕೆಟ್ ಕೊಂಡು ಇಡೀ ರಾತ್ರಿ ಕೂತರು. ಆಮೇಲೆ ಬೆಂಗಳೂರಿನಲ್ಲೂ ಕೂತರು. ಕೂರುವ ಶಕ್ತಿ ಜನರಲ್ಲಿ ಸತ್ತಿಲ್ಲ, ಕೂರಿಸುವ ಏರ್ಪಾಡು ಕಡಿಮೆಯಾಗಿದೆ.

ಕುವೆಂಪು ಕೊಟ್ಟ ಮಂತ್ರಮಾಂಗಲ್ಯವೂ ಇಂಥ ಒಂದು ಏರ್ಪಾಡೇ. ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಬೆರಳೆಣಿಕೆಯ ಆಪ್ತರ ಮುಂದೆ ವಧೂವರರು ಪ್ರತಿಜ್ಞೆ ಓದಿ ಮದುವೆಯಾಗುತ್ತಾರೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಆದದ್ದು ಇಂಥ ಮದುವೆ. ಇದನ್ನು ಸಾಮಾನ್ಯವಾಗಿ ವೈಚಾರಿಕತೆಯ, ಖರ್ಚು ಉಳಿಸುವ ಮಾತಾಗಿ ಹೇಳುತ್ತಾರೆ. ತಾವು ಒಪ್ಪಿಕೊಳ್ಳುತ್ತಿರುವುದು ಏನನ್ನು ಎಂದು ಇಬ್ಬರು ಅರ್ಥವಾಗುವ ಕನ್ನಡದಲ್ಲಿ ಕೇಳಿಸಿಕೊಳ್ಳುವ ಹತ್ತು ನಿಮಿಷ ಅಲ್ಲಿ ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಕ್ಯಾಮೆರಾದವರು ಹೇಳಿದ ಹಾಗೆ ತಿರುಗುವ ಇಂದಿನ ಮದುವೆ ಮಂಟಪಗಳಲ್ಲಿ ಮದುಮಕ್ಕಳಿಗೆ ಆ ಹತ್ತು ನಿಮಿಷ ಸಿಗುವುದಿಲ್ಲ.

ಹಳೆಯ ರೂಢಿಯ ಶಕ್ತಿಯನ್ನು ಉಳಿಸಿಕೊಂಡು ಅದರ ಬಾಗಿಲನ್ನು ಎಲ್ಲರಿಗೂ ತೆರೆದ ಪ್ರಯೋಗ ಯಾವುದು ಎಂದು ಕೇಳಿದರೆ ಸಾಗರದ ಪಕ್ಕದ ಹೆಗ್ಗೋಡಿಗೆ ಬರಬೇಕು. 1949ರಲ್ಲಿ ಊರಿನ ನಾಟಕ ಸಂಘವಾಗಿ ಶುರುವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ನಮ್ಮೆಲ್ಲರ ಬಾಯಲ್ಲಿ ನೀನಾಸಂ. ಅಡಿಕೆ ತೋಟದ ಮನೆಯ ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ. ಈ ಪಟ್ಟಿ ಎಲ್ಲರಿಗೂ ಗೊತ್ತು. ನನ್ನ ಕುತೂಹಲ ಅಲ್ಲಿನ ಸಂಸ್ಕೃತಿ ಶಿಬಿರದ ದಿನಚರಿಯಲ್ಲಿದೆ. ಅಕ್ಟೋಬರ್ ಸುಮಾರಿಗೆ ಸೇರುವ ಶಿಬಿರಾರ್ಥಿಗಳು ಹಗಲು ಉಪನ್ಯಾಸ ಕೇಳುತ್ತಾರೆ, ಸಂಜೆ ನಾಟಕ ನೋಡುತ್ತಾರೆ, ಮಾರನೇ ಬೆಳಿಗ್ಗೆ ಕೂತು ಹಿಂದಿನ ರಾತ್ರಿಯ ನಾಟಕವನ್ನು ಚರ್ಚಿಸುತ್ತಾರೆ. ಅಧ್ಯಾಪಕ, ರೈತ, ವಿದ್ಯಾರ್ಥಿ, ಗೃಹಿಣಿ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ.

ನೋಡಿದ್ದಕ್ಕೂ ಅದರ ಬಗ್ಗೆ ಮಾತಾಡುವುದಕ್ಕೂ ನಡುವೆ ಒಂದು ರಾತ್ರಿ ಬಿಟ್ಟದ್ದು ಈ ದಿನಚರಿಯ ಜೀವಾಳ. ನಾಟಕ ಮುಗಿದ ಕೂಡಲೇ ಬರುವ ಅಭಿಪ್ರಾಯ ಒಂದು, ನಿದ್ದೆಯಿಂದ ಎದ್ದಮೇಲೆ ಉಳಿದಿರುವುದು ಇನ್ನೊಂದು. ಕೂಡಲೇ ಲೈಕ್ ಒತ್ತು, ಕೂಡಲೇ ಕಾಮೆಂಟ್ ಬರೆ ಎನ್ನುವ ಜಗತ್ತಿಗೆ ಇದು ನೇರ ಉತ್ತರ. ಆಧುನಿಕ ಮಾಧ್ಯಮಕ್ಕೆ ಹೆದರಿ ಕಟ್ಟಿದ್ದೂ ಅಲ್ಲ ಇದು. 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್'ನಂಥ ಸಿನಿಮಾಗಳನ್ನು ಸುಬ್ಬಣ್ಣ ಹಳ್ಳಿಯವರಿಗೆ ತೋರಿಸಿದರು. ಪುಣೆಯ ಸತೀಶ್ ಬಹಾದ್ದೂರ್ ಹೆಗ್ಗೋಡಿಗೆ ಬಂದು ಸಿನಿಮಾ ನೋಡುವುದನ್ನು ಪಾಠವಾಗಿ ಕಲಿಸಿದರು. ಪರದೆಯನ್ನೂ ಗಮನದಿಂದ ನೋಡಲು ಕಲಿಯಬಹುದು ಎಂಬುದಕ್ಕೆ ಅರ್ಧ ಶತಮಾನದ ಹಿಂದಿನ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಮಕ್ಕಳಿಗೆ ಫೋನು ಕೊಡಬೇಕೋ ಬಾರದೋ ಎಂಬಲ್ಲೇ ಸುತ್ತುತ್ತಿರುವ ಚರ್ಚೆಗೆ ಇದರಿಂದ ಹೊಸ ದಾರಿ ಸಿಗಬೇಕು.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ 'ಚರಕ' ಮಹಿಳಾ ಸಹಕಾರ ಸಂಘ ಇದೇ ಮಾತನ್ನು ಕೈಯಿಂದ ಹೇಳುತ್ತಿದೆ. ಅಡಿಕೆ ಚೊಗರಿನಂಥ ಸಹಜ ಬಣ್ಣಗಳಿಂದ ನೂಲಿಗೆ ಬಣ್ಣ ಕಟ್ಟಿ ಕೈಮಗ್ಗದಲ್ಲಿ ನೇಯುವ ಹೆಂಗಸರಿಗೆ ಕೆಲಸವೂ ಕೂಲಿಯೂ ಗೆಳೆತನವೂ ಅಲ್ಲಿ ಒಟ್ಟಿಗೆ ಸಿಕ್ಕಿವೆ. ಮಾರುಕಟ್ಟೆಯ ಕಷ್ಟ ಇವರನ್ನು ಬಿಟ್ಟಿಲ್ಲ ಎಂಬುದೂ ನಿಜ. ಲಕ್ಷ್ಯವಿಟ್ಟು ಮಾಡಿದ ಕೆಲಸಕ್ಕೆ ಕೊಳ್ಳುವವರೂ ಲಕ್ಷ್ಯ ಕೊಡಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ 2008ರಲ್ಲಿ ತೆಗೆದ 'ಗುಲಾಬಿ ಟಾಕೀಸು' ಚಿತ್ರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ವೈದೇಹಿಯವರ ಕಥೆಯಿಂದ ಹೊರಟ ಈ ಚಿತ್ರದಲ್ಲಿ ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬರುತ್ತದೆ. ಮೊದಮೊದಲು ಆ ಟೀವಿ ಬೇರೆಬೇರೆ ಜಾತಿ ಮತದ ಹೆಂಗಸರನ್ನು ಒಂದು ಕೋಣೆಯಲ್ಲಿ ಕೂರಿಸುತ್ತದೆ. ಆಮೇಲೆ ಕಾರ್ಗಿಲ್ ಕಾಲದ ಸುದ್ದಿ, ಮೀನುಗಾರಿಕೆಯ ಪೈಪೋಟಿ, ಮತದ್ವೇಷ ಸೇರಿ ಗುಲಾಬಿ ಒಂಟಿಯಾಗುತ್ತಾಳೆ. ಒಂದೇ ಪೆಟ್ಟಿಗೆ ಎರಡನ್ನೂ ಮಾಡಿತು. ಒಟ್ಟಿಗೆ ನೋಡುತ್ತಿದ್ದಷ್ಟು ಕಾಲ ಅದು ಕೂಡಿಸಿತು ಎಂಬುದನ್ನು ಮರೆಯಬಾರದು. ಇಂದಿನ ಫೋನು ಆ ಒಟ್ಟಿಗೆ ನೋಡುವ ಅವಕಾಶವನ್ನೂ ತೆಗೆದುಹಾಕಿದೆ.

ಹಾಗಾದರೆ ಈಗ ಏನು ಮಾಡಬಹುದು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರ ಆಗಸ್ಟಿನಲ್ಲಿ ಒಂದು ತೀರ್ಮಾನ ಮಾಡಿತು. ಸಂಜೆ ಏಳಕ್ಕೆ ಸೈರನ್ ಕೂಗಿದರೆ ಮನೆಮನೆಯಲ್ಲೂ ಟೀವಿ, ಮೊಬೈಲ್ ಬಂದ್. ಎಂಟೂವರೆಗೆ ಮತ್ತೊಮ್ಮೆ ಸೈರನ್ ಆಗುವ ತನಕ ಮಕ್ಕಳ ಓದು, ದೊಡ್ಡವರ ಮಾತುಕತೆ. ನನಗೆ ಇದರಲ್ಲಿ ಹಿಡಿಸಿದ್ದು ಊರೇ ಕೂತು ಹೊತ್ತು ಗೊತ್ತುಮಾಡಿದ ರೀತಿ. ಎಲ್ಲರ ಮನೆಯಲ್ಲೂ ಬಂದ್ ಆದಾಗ ಯಾವ ಮಗುವಿಗೂ ತಾನೊಬ್ಬನೇ ಏನೋ ಕಳೆದುಕೊಂಡೆ ಎನ್ನಿಸುವುದಿಲ್ಲ. ನನ್ನ ಆತಂಕವೂ ಅಲ್ಲೇ ಇದೆ. ಬಂದ್ ಮಾಡಿದ ಹೊತ್ತಿಗೆ ತುಂಬಲು ಏನಾದರೂ ಬೇಕು. ಖಾಲಿ ಹೊತ್ತು ಬಹಳ ದಿನ ನಿಲ್ಲುವುದಿಲ್ಲ.

ಮಲೆನಾಡಿನ ನಮಗೆ ತುಂಬಲು ಸಾಮಗ್ರಿ ಬೇಕಾದಷ್ಟಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರಿಂದ 'ಓದುವ ಬೆಳಕು' ಕಾರ್ಯಕ್ರಮವೂ ಇದೆ. ಆದರೆ ಕೂಲಿಯವರು, ತೋಟದವರು ಮನೆಗೆ ಬರುವ ಹೊತ್ತಿಗೆ ಬಾಗಿಲು ಹಾಕಿರುವ ಗ್ರಂಥಾಲಯದಿಂದ ಅವರಿಗೆ ಪ್ರಯೋಜನವಿಲ್ಲ. ವಾರಕ್ಕೆ ಒಂದು ಸಂಜೆ ಅದು ರಾತ್ರಿ ಒಂಬತ್ತರತನಕ ತೆರೆದಿರಲಿ. ಅಲ್ಲಿ ಒಂದು ತಾಸು 'ಮದುಮಗಳು' ಓದಿ ಹೇಳುವವರು ಒಬ್ಬರಿರಲಿ. ಆಷಾಢ ಶ್ರಾವಣದಲ್ಲಿ ಶಾಲೆಯ ಮಕ್ಕಳೇ ಅರ್ಥ ಹೇಳುವ ತಾಳಮದ್ದಳೆ ನಡೆಯಲಿ. ಪ್ರಸಂಗ ಪುರಾಣದ್ದೇ ಆಗಬೇಕೆಂದಿಲ್ಲ. ಊರಿನ ಕೆರೆಯ ಹೂಳೆತ್ತುವ ವಿಚಾರಕ್ಕೂ ಪರ ವಿರೋಧ ವಾದ ಹೂಡಬಹುದು, ಎದುರಾಳಿಯ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಉತ್ತರಿಸಬೇಕು ಎಂಬ ಕಟ್ಟಳೆಯ ಜೊತೆ. ಹಾಗೆ ಬೆಳೆದ ಮಕ್ಕಳು ಗ್ರಾಮಸಭೆಗೆ ಹೋದಾಗ ಸಭೆಯ ರೀತಿಯೂ ಬದಲಾಗುತ್ತದೆ.

ಇದನ್ನೆಲ್ಲ ಯೋಜಿಸುವವರು ಒಂದು ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಸಂಜೆ ಏಳು ಗಂಟೆ ನಮ್ಮ ಮನೆಗಳಲ್ಲಿ ಹೆಂಗಸರು ಒಲೆಯ ಮುಂದಿರುವ ಹೊತ್ತು. ಹಿಂದೆ ಅವರು ತಾಳಮದ್ದಳೆಯನ್ನು ಒಳಗಿನಿಂದ ಕೇಳಿದರು. ನಡುನಡುವೆ ಎದ್ದು ಅರ್ಥಧಾರಿಗಳಿಗೆ ಕಾಫಿ ಮಾಡಿದರು, ರಾತ್ರಿ ಊಟ ಬಡಿಸಿದರು. ಊರಿನ ಗಮನದ ಹೊತ್ತಿಗೆ ದುಡಿಮೆ ಕೊಟ್ಟವರು ಅವರು. ಆ ಹೊತ್ತಿನ ಪಾಲು ಅವರಿಗೆ ಸಿಗಲಿಲ್ಲ. ಹೊಸದಾಗಿ ಗೊತ್ತುಮಾಡುವ ಹೊತ್ತು ಅಡುಗೆ ಮುಗಿದ ಮೇಲಿನದಾಗಿರಬೇಕು, ಇಲ್ಲವೇ ಆ ಸಂಜೆಯ ಅಡುಗೆಯನ್ನು ಗಂಡಸರು ವಹಿಸಿಕೊಳ್ಳಬೇಕು. ಯಾವುದು ನಡೆದೀತು ಎಂದು ಪಂಚಾಯಿತಿ ಕಟ್ಟೆಯಲ್ಲಿ ಗಂಡಸರು ತೀರ್ಮಾನಿಸುವುದು ಬೇಡ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಹೆಂಗಸರನ್ನು ಕೇಳಿ, ಅವರು ಹೇಳಿದ ಹೊತ್ತನ್ನೇ ಗ್ರಂಥಾಲಯದ ಬಾಗಿಲಿಗೆ ಬರೆದು ಹಾಕಲಿ.